ಅಳಿಯ ಹೊತ್ತ ಚೀಲ

ಯೂರಿಯಾ ಚೀಲದ ತೂಕ 50 ಕಿಲೋದಿಂದ 45ಕ್ಕೆ ಇಳಿದದ್ದು 2018ರಲ್ಲಿ. ಗಬ್ಬೂರಿನಲ್ಲಿ ಗೊಬ್ಬರದ ಅಂಗಡಿಯ ಲೆಕ್ಕ ಬರೆಯುವ ನನಗೆ ಆ ವರ್ಷವಿಡೀ ಅದೇ ಜಗಳ. ನಾರಾಯಣಪುರ ಬಲದಂಡೆ ಕಾಲುವೆ ನಂಬಿ ಭತ್ತ ಹಚ್ಚಿದ ರೈತರು ಬರುವುದು, ಚೀಲ ಅರ್ಧ ಎತ್ತಿ ನೋಡಿ "ಐದ್ ಕಿಲೋ ಎಲ್ಲಿ ಹೋತ್ರಿ?" ಎಂದು ಕೇಳುವುದು, ನಾನು ಚೀಲದ ಮೇಲಿನ ಅಚ್ಚು ತೋರಿಸುವುದು. ಕೈಯಲ್ಲೇ ತೂಕ ಹೇಳಬಲ್ಲ ಇಂಥ ಜನರ ನಡುವೆ ಬದುಕುವ ನಾನು, ಮರುವರ್ಷ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೊರಟಾಗ ನನ್ನ ಬೆನ್ನಿನ ಚೀಲವನ್ನು ತೂಗಲಿಲ್ಲ. ಅಂಗಡಿಯ ಕಾಟಾ ನನ್ನ ಕುರ್ಚಿಯ ಪಕ್ಕದಲ್ಲೇ ಇತ್ತು.

ನಮ್ಮ ಕಡೆ ಶ್ರೀಶೈಲಕ್ಕೆ ನಡೆಯುವುದು ಹೊಸ ಹವ್ಯಾಸವಲ್ಲ. ಯುಗಾದಿ ಹತ್ತಿರ ಬಂದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆಯ ಜನ ಹಿಂಡುಹಿಂಡಾಗಿ ರಾಯಚೂರು ಜಿಲ್ಲೆಯ ರಸ್ತೆಗಳಲ್ಲಿ ಪೂರ್ವಕ್ಕೆ ಸಾಗುತ್ತಾರೆ. ಕೆಲವರ ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಹರಕೆ ಹೊತ್ತ ಇನ್ನು ಕೆಲವರು ಮರಗಾಲಿನ ಮೇಲೆ. ಭ್ರಮರಾಂಬೆ ನಮ್ಮ ಮನೆಯ ಮಗಳು ಎಂಬ ನಂಬಿಕೆಯಲ್ಲಿ ಹೆಂಗಸರು ಸೀರೆ, ಕುಪ್ಪಸದ ಖಣ, ಬಳೆ ಒಯ್ಯುತ್ತಾರೆ. ನಮ್ಮ ತಂಡ ಬೂದಿ ಬಸವೇಶ್ವರ ಮಠಕ್ಕೆ ಕೈಮುಗಿದು ಗಬ್ಬೂರು ಬಿಡುತ್ತದೆ. ರಾಯಚೂರು, ಗಡಿಯಾಚೆ ಐಜ, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು. ಅಲ್ಲಿಂದ ವೆಂಕಟಾಪುರಕ್ಕೆ ಹೋದರೆ ನಲ್ಲಮಲ ಕಾಡು ಶುರು. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸಬಾಗಿಲು. ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಕಾಲುದಾರಿ ಅದು. ಅರಣ್ಯ ಇಲಾಖೆ ಜಾತ್ರೆಯ ದಿನಗಳಲ್ಲಷ್ಟೇ ನಡೆಯುವವರಿಗೆ ಬಿಡುತ್ತದೆ. ಗಾಡಿಗಳು ದೋರ್ನಾಲದ ಮೇಲೆ ಸುತ್ತಿಹಾಕಿ ಬರಬೇಕು. ಈ ಕೊನೆಯ ವಿವರವನ್ನು ನೆನಪಿಟ್ಟುಕೊಳ್ಳಿ, ನಾನು ಕೆಟ್ಟದ್ದು ಅಲ್ಲೇ.

ಚೀಲ ಕೊಂಡದ್ದು ಬೆಂಗಳೂರಿನಲ್ಲಿ. ತಮ್ಮನ ಮನೆಗೆ ಹೋದವನು ಅವನ ಜತೆ ಒಂದು ದೊಡ್ಡ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ವಿನಯದಿಂದಲೇ ಕೇಳಿದ: "ಎಷ್ಟು ದಿನದ ಟ್ರೆಕ್ ಸರ್?" ಎರಡು ವಾರದ ಹತ್ತಿರ ಎಂದೆ. 65 ಲೀಟರಿನದ್ದನ್ನು ಕೈಗಿತ್ತ. ಅವನ ಲೆಕ್ಕ ಸರಿಯೇ. ಹಿಮಾಲಯದಲ್ಲಿ ಡೇರೆ, ಒಲೆ, ಅಕ್ಕಿ, ಬೇಳೆ ಎಲ್ಲ ಹೊತ್ತು ಅಷ್ಟು ದಿನ ನಡೆಯುವವನಿಗೆ ಅದು ಬೇಕು. ಆದರೆ ಶ್ರೀಶೈಲದ ಹಾದಿಯಲ್ಲಿ ಒಲೆ ಯಾರು ಹೊರುತ್ತಾರೆ? ಊರೂರಿಗೆ ಶಾಮಿಯಾನ ಹಾಕಿ ಕಾಯುತ್ತಾರೆ. ಮಜ್ಜಿಗೆ, ಅಂಬಲಿ, ಅನ್ನ, ಸಾರು, ಬಾಳೆಹಣ್ಣು. ಕಾಲು ತೊಳೆಯಲು ಬಿಸಿನೀರು, ಹಚ್ಚಲು ಎಣ್ಣೆ. ಒಲ್ಲೆ ಎಂದರೂ ಕೈಹಿಡಿದು ಕೂರಿಸುತ್ತಾರೆ. ಮಲಗಲು ಗುಡಿಯ ಕಟ್ಟೆ, ಶಾಲೆಯ ಜಗಲಿ. ಚೀಲ ಎಷ್ಟು ದೊಡ್ಡದಿರಬೇಕು ಎಂಬುದು ದಿನದ ಲೆಕ್ಕದಿಂದ ತೀರ್ಮಾನವಾಗುವುದಿಲ್ಲ, ಒಂದು ದಾಸೋಹದಿಂದ ಮುಂದಿನದಕ್ಕೆ ಎಷ್ಟು ದೂರ ಎಂಬುದರಿಂದ ಆಗುತ್ತದೆ. ಇದನ್ನು ಆ ಹುಡುಗ ತಿಳಿದಿರಬೇಕಿರಲಿಲ್ಲ. ನನಗೆ ಗೊತ್ತಿತ್ತು, ಹೇಳಲಿಲ್ಲ. ಕನ್ನಡಿಯಲ್ಲಿ ಆ ಚೀಲ ಹಾಕಿಕೊಂಡ ನಾನು ಚೆನ್ನಾಗಿ ಕಂಡೆ, ಅಷ್ಟೆ.

ಬರಿದಾದ ಚೀಲವೇ ಅಲ್ಯೂಮಿನಿಯಂ ಪಟ್ಟಿ, ದಪ್ಪ ಸ್ಪಂಜು, ಹನ್ನೆರಡು ಜಿಪ್ಪು ಸೇರಿ ಎರಡು ಕಿಲೋ ದಾಟಿತ್ತು. ದೊಡ್ಡ ಚೀಲಕ್ಕೆ ಇನ್ನೊಂದು ದುರ್ಗುಣವಿದೆ. ಅದರಲ್ಲಿ ಜಾಗ ಉಳಿದರೆ ಮನಸ್ಸು ತಡೆಯುವುದಿಲ್ಲ. ಮೂರು ಪ್ಯಾಂಟು, ಅದರಲ್ಲೊಂದು ಜೀನ್ಸ್. ಸ್ಲೀಪಿಂಗ್ ಬ್ಯಾಗು, ಅದೂ ಮಾರ್ಚ್ ಕೊನೆಯ ರಾಯಚೂರಿನ ಬಿಸಿಲಿಗೆ. ಸ್ಟೀಲಿನ ಟಿಫಿನ್ ಕ್ಯಾರಿಯರ್, ಸ್ಟೀಲಿನ ನೀರಿನ ಬಾಟಲಿ, ಕೌದಿ, ಎರಡು ಟಾರ್ಚು, ಇಡೀ ಸಾಬೂನು, ಮನೆಮಂದಿಗೆಲ್ಲ ಸಾಲುವಷ್ಟು ಗುಳಿಗೆ. ತಂಡದಲ್ಲಿದ್ದ ಒಬ್ಬ ಅಜ್ಜಿ ಸಣ್ಣ ಗಂಟೊಂದನ್ನು ತಲೆಯ ಮೇಲಿಟ್ಟುಕೊಂಡಿದ್ದಳು. ಒಳಗೆ ಒಂದು ಸೀರೆ ಅವಳಿಗೆ, ಒಂದು ಭ್ರಮರಾಂಬೆಗೆ, ನಾಲ್ಕು ಕಟಕ ರೊಟ್ಟಿ, ಶೇಂಗಾ ಹಿಂಡಿ. ನನ್ನ ಬೆನ್ನು ನೋಡಿ ಕೇಳಿದಳು: "ಯಾಕೋ ತಮ್ಮಾ, ಅಲ್ಲೇ ಸಂಸಾರ ಹೂಡಾಕ ಹೊಂಟೀಯೇನು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗಬಹುದಿತ್ತು, ಯಾಕೆಂದರೆ ತಂಡದ ಜತೆ ಸಾಮಾನಿಗೆಂದು ಒಂದು ಟಾಟಾ ಏಸ್ ಇತ್ತು. ಬೆಳಗಿನ ಜಾವ ಹೊರಡುವಾಗ ಚೀಲ ಬೆನ್ನಿಗೆ ಏರುವುದು, ಯಾರಾದರೂ ಮೊಬೈಲಿನಲ್ಲಿ ಫೋಟೊ ತೆಗೆಯುವುದು, ಬಿಸಿಲೇರುವ ಹೊತ್ತಿಗೆ ಚೀಲ ಗಾಡಿಯಲ್ಲಿ. ಮತ್ತೆ ಸಂಜೆ ಊರು ಬಂದಾಗ ಬೆನ್ನಿಗೆ. ಹೀಗೆ ಆತ್ಮಕೂರಿನವರೆಗೆ ನನ್ನ ಚೀಲ ಹೊತ್ತದ್ದು ಡೀಸೆಲ್ಲು. ಗಾಡಿ ಇಲ್ಲದಿದ್ದರೆ ರಾಯಚೂರು ಮುಟ್ಟುವ ಮೊದಲೇ ಬುದ್ಧಿ ಬಂದು ಅರ್ಧ ಸಾಮಾನು ಮನೆಗೆ ಕಳಿಸಿರುತ್ತಿದ್ದೆ.

ಆತ್ಮಕೂರಿನಲ್ಲಿ ಗಾಡಿ ದೋರ್ನಾಲದ ಕಡೆ ತಿರುಗುವ ಹೊತ್ತಿಗೆ ಎಲ್ಲರೂ ರಸ್ತೆಬದಿಯಲ್ಲಿ ಕೂತು ಸಾಮಾನು ವಿಂಗಡಿಸಿದರು. ಕಾಡಿಗೆ ಬೇಕಾದಷ್ಟು ಕೈಚೀಲಕ್ಕೆ, ಉಳಿದದ್ದು ಗಾಡಿಗೆ. ನಾನೂ ಅದನ್ನೇ ಮಾಡಬಹುದಿತ್ತು. ಮಾಡಲಿಲ್ಲ. ಕಾರಣ ಹೇಳಲು ಈಗಲೂ ನಾಚಿಕೆ. ಎಲ್ಲರೆದುರು ಚೀಲ ಬಿಚ್ಚಿದರೆ ಟಿಫಿನ್ ಕ್ಯಾರಿಯರ್, ಜೀನ್ಸು, ಸ್ಲೀಪಿಂಗ್ ಬ್ಯಾಗು ಒಂದೊಂದಾಗಿ ಹೊರಬರುತ್ತಿದ್ದವು. ಅಜ್ಜಿ ಅಲ್ಲೇ ಕೂತಿದ್ದಳು. ಬಿಚ್ಚದೆ ಹಾಗೇ ಹೊತ್ತು ಕಾಡಿಗೆ ಇಳಿದೆ.

ಯುಗಾದಿಯ ಹೊತ್ತಿನ ನಲ್ಲಮಲದಲ್ಲಿ ಹೆಚ್ಚಿನ ಮರಗಳಿಗೆ ಎಲೆಯೇ ಇರುವುದಿಲ್ಲ. ಕಾಲಡಿ ಕಲ್ಲು, ಮೇಲೆ ಬಿಸಿಲು. ನೀರು ಸಿಗುವ ಕಡೆ ಜನ ಮುತ್ತುತ್ತಾರೆ, ಆದ್ದರಿಂದ ಸಿಕ್ಕಲ್ಲಿ ತುಂಬಿಕೊಳ್ಳಲೇಬೇಕು. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ, ಅದರಲ್ಲಿ ಚೌಕಾಸಿ ಇಲ್ಲ. ನನ್ನ ಚೀಲದ ಸೊಂಟಪಟ್ಟಿ ಸೊಂಟದ ಮೇಲೆ ಕೂರುತ್ತಿರಲಿಲ್ಲ, ಪೃಷ್ಠದ ಮೇಲೆ ಬಡಿಯುತ್ತಿತ್ತು. ಬಿಗಿ ಮಾಡಿದರೆ ಭುಜದ ಪಟ್ಟಿ ಮೇಲೆದ್ದು ನಿಲ್ಲುತ್ತಿತ್ತು. ಹೀಗಾಗಿ ಇಡೀ ಭಾರ ಹೆಗಲ ಮೇಲೆ, ಹಿಂದಕ್ಕೆ ಜಗ್ಗುತ್ತ. ಅದನ್ನು ಸರಿದೂಗಿಸಲು ಮುಂದಕ್ಕೆ ಬಾಗಿ ನಡೆದು ಪೆದ್ದಚೆರುವು ಮುಟ್ಟುವ ಹೊತ್ತಿಗೆ ಕತ್ತು ಎತ್ತಲಾಗದಂತಾಗಿತ್ತು. ಅಕ್ಕನ ಮಗ ಜತೆಗಿದ್ದ. ಡಿಪ್ಲೊಮಾ ಓದುತ್ತಿದ್ದ ಹುಡುಗ. ತನ್ನದೊಂದು ಕಾಲೇಜಿನ ಚೀಲವನ್ನು ಎದೆಯ ಮುಂದೆ ತಿರುಗಿಸಿ ಹಾಕಿಕೊಂಡು, "ಕೊಡ್ರಿ ಮಾವಾ ಇಲ್ಲೆ" ಎಂದ. ಬೇಡ ಎಂದು ಒಮ್ಮೆ ಅಂದೆ. ಎರಡನೇ ಸಲ ಅನ್ನಲಿಲ್ಲ.

ಭೀಮನಕೊಳ್ಳಕ್ಕೆ ಇಳಿಯುವಲ್ಲಿ ಅವನು ಬಿದ್ದ. ಮುಂದೊಂದು ಹಿಂದೊಂದು ಚೀಲ ಇದ್ದವನಿಗೆ ತನ್ನ ಕಾಲು ಇಡುವ ಕಲ್ಲು ಕಾಣುವುದಿಲ್ಲ. ಪಾದ ಮಡಚಿಕೊಂಡಿತು. ವಿಜಯಪುರ ಕಡೆಯ ತಂಡವೊಂದು ಹಿಂದೆ ಬರುತ್ತಿತ್ತು, ಅವರೇ ವಲ್ಲಿಯಿಂದ ಬಿಗಿದು ಕಟ್ಟಿ, ಕೋಲು ಕೊಟ್ಟು, ಸರದಿಯ ಮೇಲೆ ಹೆಗಲು ಕೊಟ್ಟರು. ಕೊಳ್ಳದಿಂದ ಕೈಲಾಸಬಾಗಿಲಿಗೆ ಮೆಟ್ಟಿಲುಗಳ ಏರು. ಅವನು ಒಂದೊಂದೇ ಮೆಟ್ಟಿಲು ಹತ್ತಿದ. ನಮ್ಮ ತಂಡದವರು ಮೇಲೆ ಕಾಯುತ್ತಿದ್ದರು. ಅವರ ಕಣ್ಣಿಗೆ ಬೀಳುವ ಮುಂಚೆ ನನ್ನ ಚೀಲ ನನ್ನ ಬೆನ್ನಿಗೆ ಬಂದಿತ್ತು. ಕಲ್ಲು ಜಾರಿತು ಎಂದೆ. ಅವನೂ ಹೌದು ಎಂದ.

ಪಾದದ ಕೀಲಿನ ತಂತು ಹರಿದಿತ್ತು. ಪ್ಲಾಸ್ಟರ್ ಹಾಕಿಕೊಂಡೇ ಪರೀಕ್ಷೆ ಬರೆದ. ಅಕ್ಕ ನನ್ನನ್ನು ಬೈಯಲಿಲ್ಲ, "ನೀ ಜೋಡಿ ಇದ್ದಿ ಅಂತ ಸಮಾಧಾನ" ಎಂದಳು. ಇದನ್ನು ಓದಿದರೆ ಅವಳಿಗೆ ಈಗ ಗೊತ್ತಾಗುತ್ತದೆ.

ಊರಿಗೆ ಬಂದ ಮೇಲೆ ಅಂಗಡಿ ಮುಚ್ಚುವ ಹೊತ್ತಿಗೆ ಆ ಚೀಲವನ್ನು ಹಾಗೇ ಕಾಟಾದ ಮೇಲಿಟ್ಟೆ. ನೀರಿಲ್ಲದೆ 15 ಕಿಲೋ 600 ಗ್ರಾಂ. ನನ್ನ ತೂಕ 62. ನಾಲ್ಕರಲ್ಲೊಂದು ಪಾಲು. ಅದೇ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಶಾಲಾಚೀಲದ ತೂಕಕ್ಕೆ ಮಿತಿ ಹಾಕಿ ಆದೇಶ ಹೊರಡಿಸಿತು. ಒಂದು, ಎರಡನೇ ತರಗತಿಯವರಿಗೆ 2 ಕಿಲೋ ಮೀರಬಾರದು, ಹತ್ತನೇ ತರಗತಿಗೆ 5, ಒಟ್ಟಿನಲ್ಲಿ ಮಗುವಿನ ತೂಕದ ಶೇಕಡ 10ರೊಳಗೆ. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ದೊಡ್ಡವರು ಶೇಕಡ 20ರವರೆಗೆ ಹೊರಬಹುದು ಎಂಬುದು ನಡಿಗೆಯವರ ರೂಢಿಯ ಲೆಕ್ಕ. ಅದೂ ಮೇಲಿನ ಗಡಿ, ಗುರಿಯಲ್ಲ.

ಆಮೇಲೆ ಹಠ ಹಿಡಿದು ಓದಿದೆ. ಅಮೆರಿಕದ ರೇ ಜಾರ್ಡಿನ್ ಎಂಬಾತ ಬಾಹ್ಯಾಕಾಶ ಉದ್ಯಮದ ಎಂಜಿನಿಯರ್ ಕೆಲಸ ಬಿಟ್ಟು ಗುಡ್ಡ ಹತ್ತಿದವನು. 1992ರಲ್ಲಿ ದೂರ ನಡಿಗೆಯ ಕೈಪಿಡಿಯೊಂದನ್ನು ಬರೆದು, ಚೀಲವನ್ನು ಮನೆಯಲ್ಲೇ ಹೊಲಿದುಕೊಂಡು ಹಗುರವಾಗಿ ಸಾಗುವುದನ್ನು ಹೇಳಿಕೊಟ್ಟ. ಆ ಪಂಥದವರು ಊಟ, ನೀರು ಬಿಟ್ಟು ಉಳಿದ ಸಾಮಾನಿನ ತೂಕವನ್ನಷ್ಟೇ ಎಣಿಸುತ್ತಾರೆ. 9 ಕಿಲೋದೊಳಗಿದ್ದರೆ ಹಗುರ, ನಾಲ್ಕೂವರೆಯೊಳಗಿದ್ದರೆ ಅತಿ ಹಗುರ. ನನಗೆ ಅವನಿಗಿಂತ ಹಿಡಿಸಿದ್ದು ಎಮ್ಮಾ ಗೇಟ್‌ವುಡ್. 11 ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಅಪಲಾಚಿಯನ್ ಹಾದಿಯ 3,000 ಕಿಲೋಮೀಟರಿಗೂ ಮಿಕ್ಕ ದೂರವನ್ನು ಒಬ್ಬಳೇ ನಡೆದಳು. ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ತಾನೇ ಹೊಲಿದ ಡೆನಿಮ್ ಚೀಲ, ಅದರೊಳಗೆ ಒಂದು ಕಂಬಳಿ, ಮಳೆಗೆ ಹೊದೆಯಲು ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ. ಹಿಂದಿನ ವರ್ಷ ಹೊರಟು ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ವಾಪಸಾಗಿದ್ದಳಂತೆ. ನಮ್ಮ ತಂಡದ ಅಜ್ಜಿಯ ಪಕ್ಕ ಕೂರಿಸಿದರೆ ಇಬ್ಬರಿಗೂ ಮಾತು ಬೇಕಾಗುತ್ತಿರಲಿಲ್ಲ. (ಉಟ್ಟ ಬಟ್ಟೆಯನ್ನೂ ಬಿಟ್ಟು ಇದೇ ಶ್ರೀಶೈಲಕ್ಕೆ ನಡೆದ ಅಕ್ಕಮಹಾದೇವಿಯನ್ನು ಈ ಲೆಕ್ಕಕ್ಕೆ ತರುವುದು ಬೇಡ. ಆಕೆಯ ಮುಂದೆ ಜಾರ್ಡಿನ್ ಕೂಡ ಲಗೇಜಿನ ಮನುಷ್ಯ.)

ಓದಿದ್ದು ತಲೆಗೆ ಏರಿತು, ಬೆನ್ನಿಗೆ ಇಳಿಯಲಿಲ್ಲ. ಈ ಸಲ ಗ್ರಾಮಿನ ಹುಚ್ಚು ಹಿಡಿಯಿತು. ಟೂತ್‌ಬ್ರಷ್ಷಿನ ಹಿಡಿಕೆ ಕತ್ತರಿಸಿದೆ. ಚೀಲಗಳ ಪಟ್ಟಿ ಮಾಡಿ, ಅವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ತೂಕದ್ದನ್ನು ತರಿಸಿದೆ: 430 ಗ್ರಾಂ. ತೆಳ್ಳನೆಯ ನೈಲಾನ್, ಚೌಕಟ್ಟಿಲ್ಲ, ಸೊಂಟಕ್ಕೆ ಒಂದು ಲಾಡಿಯಷ್ಟೇ. 2020ರ ಯುಗಾದಿಗೆಂದು ತರಿಸಿದ್ದು. ಆ ವರ್ಷ ಯುಗಾದಿ ಬಿದ್ದದ್ದು ಮಾರ್ಚ್ 25ಕ್ಕೆ, ದೇಶಕ್ಕೆ ಬೀಗ ಬಿದ್ದ ಮೊದಲ ದಿನ. ಚೀಲ ಗೋಡೆಯ ಮೊಳೆಗೆ ನೇತುಬಿತ್ತು. ಹೊತ್ತು ನಡೆಯುವ ಯೋಗ ಬಂದದ್ದು 2022ರಲ್ಲಿ.

ಕರ್ನೂಲಿನವರೆಗೆ ಸ್ವರ್ಗ. ಐದು ಕಿಲೋದ ಆಸುಪಾಸು ಭಾರ, ಗಾಡಿಗೆ ಹಾಕುವ ಮಾತೇ ಇಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ಉಪದೇಶ ಮಾಡಿದೆ. ವೆಂಕಟಾಪುರದಲ್ಲಿ ನಾಲ್ಕು ಲೀಟರ್ ನೀರು, ದಾಸೋಹದವರು ಒತ್ತಾಯದಿಂದ ಕಟ್ಟಿಕೊಟ್ಟ ರೊಟ್ಟಿ, ಬಾಳೆಹಣ್ಣು, ಬೆಲ್ಲ ಒಳಸೇರಿದಾಗ ಆ ಚೀಲ ಚೀಲವಾಗಿ ಉಳಿಯಲಿಲ್ಲ. ಬಾಟಲಿಗಳು ತಳಕ್ಕೆ ಕುಸಿದವು. ಹೆಜ್ಜೆಗೊಮ್ಮೆ ಹಿಂದಕ್ಕೆ ಜೋತು ಬಡಿಯತೊಡಗಿತು. ಬೆರಳಗಲದ ಭುಜಪಟ್ಟಿ ಚರ್ಮಕ್ಕೆ ಇಳಿಯಿತು. ನಾಗಲೂಟಿ ದಾಟುವ ಹೊತ್ತಿಗೆ ಎಡಗೈ ಬೆರಳುಗಳು ಜೋಮು ಹಿಡಿದು, ಬಾಟಲಿಯ ಮುಚ್ಚಳ ತಿರುಗಿಸಲು ಬರಲಿಲ್ಲ. ಭುಜದ ಪಟ್ಟಿ ನರವನ್ನು ಒತ್ತಿ ತೋಳಿನ ಬಲ ಹೋಗುವುದು ಸೇನೆಯ ವೈದ್ಯರಿಗೆ ಹಳೆಯ ವಿಷಯವಂತೆ, ನಾನು ಓದಿದ್ದು ಆಮೇಲೆ. ಕೊನೆಗೆ ಪಟ್ಟಿಯ ಹೊಲಿಗೆ ಬಿಟ್ಟಿತು. ವಲ್ಲಿಯಲ್ಲಿ ಕಟ್ಟಿ, ಕಂಕುಳಲ್ಲಿ ಅವುಚಿಕೊಂಡು, ಮಗುವನ್ನು ಎತ್ತಿಕೊಂಡವನಂತೆ ಭೀಮನಕೊಳ್ಳ ಇಳಿದೆ. ಕೊಡಿ ಎಂದು ಕೈಚಾಚಲು ಅಳಿಯ ಜತೆಯಲ್ಲಿರಲಿಲ್ಲ. ಅವನು ಆ ವರ್ಷ ಬರಲಿಲ್ಲ.

ನನ್ನ ಓದಿನಲ್ಲಿ ಇದ್ದ ಮಾತನ್ನೇ ನಾನು ಹಾರಿಸಿದ್ದೆ. ಚೌಕಟ್ಟಿಲ್ಲದ ಚೀಲ ಏಳೆಂಟು ಕಿಲೋದವರೆಗೆ ಮಾತ್ರ ಸುಖ. ಅದರ ಮೇಲೆ ಹೋದರೆ ಭಾರವನ್ನು ಹೆಗಲಿನಿಂದ ಸೊಂಟದ ಎಲುಬಿಗೆ ದಾಟಿಸುವ ಏನಾದರೂ ಬೇಕು. ಆ "ಏನಾದರೂ" 400 ಗ್ರಾಂ ತೂಗುತ್ತದೆ, ಮತ್ತು ಅದು ಬೆಲೆಬಾಳುವ 400 ಗ್ರಾಂ. ಚೀಲದ ತೂಕ ಉಳಿಸಲು ಹೋಗಿ ಹೆಗಲು ಕಳೆದುಕೊಂಡಿದ್ದೆ. ಮೊದಲ ಸಲ ಕನ್ನಡಿ ನೋಡಿ ಕೊಂಡೆ, ಎರಡನೇ ಸಲ ತಕ್ಕಡಿ ನೋಡಿ ಕೊಂಡೆ. ಎರಡೂ ಸಲ ಬೆನ್ನನ್ನು ಕೇಳಲಿಲ್ಲ.

ಬೆನ್ನಿನ ವಿಷಯ ಬಿಡಿಸಿ ಹೇಳಿದವನು ನಮ್ಮ ಅಂಗಡಿಯ ಹಿರಿಯ ಹಮಾಲಿ. ರಾಯಚೂರಿನ ರಾಜೇಂದ್ರ ಗಂಜಿನಲ್ಲಿ 75 ಕಿಲೋದ ಭತ್ತದ ಚೀಲ ಹೊತ್ತೇ ತಲೆ ಬೆಳ್ಳಗಾದವನು. ನನ್ನ ಹೆಗಲ ಗಾಯ ನೋಡಿ ನಕ್ಕ. "ಸರ್ರ, ಚೀಲ ಬೆನ್ನ ಬಿಟ್ಟು ಆಚೀಗೆ ಜೋತ್ ಬಿತ್ತಂದ್ರ ಐವತ್ತು ಕಿಲೋದ್ದು ಎಂಬತ್ತಾಗ್ತೈತಿ. ಬೆನ್ನಿಗೆ ಅಂಟ್ಕೊಂಡ್ರ ಐವತ್ತಕ್ಕ ನಿಲ್ತೈತಿ" ಎಂದ. ಸನ್ನೆಕೋಲಿನ ನಿಯಮವನ್ನು ನಾನು ಹೈಸ್ಕೂಲಿನಲ್ಲಿ ಉರು ಹೊಡೆದಿದ್ದೆ, ಅವನು ಬೆನ್ನಿನಲ್ಲಿ ಕಲಿತಿದ್ದ. ಮರುದಿನ ನನ್ನ ಚೀಲವನ್ನು ಅವನ ಮುಂದೆ ತುಂಬಿದೆ. ಅವನು ನೀರಿನ ಬಾಟಲಿಗಳನ್ನು ತಳದಿಂದ ತೆಗೆದು, ಬೆನ್ನಿಗೆ ತಾಗುವಂತೆ ನಡುವೆ ನಿಲ್ಲಿಸಿದ. ಹಾಸಿಗೆ, ಬಟ್ಟೆ ಕೆಳಗೆ. ಬುತ್ತಿ ಮೇಲೆ. ಸುಮ್ಮನೆ ಹಾಗಿಟ್ಟದ್ದಕ್ಕೇ ಅದೇ ಭಾರ ಹಗುರವಾಯಿತು.

ಆಮೇಲೆ ಹೆಂಡತಿಯ ಕೈಯಲ್ಲಿ ಟೇಪು ಕೊಟ್ಟು ಬೆನ್ನು ಅಳೆಸಿದೆ. ಕತ್ತು ಬಗ್ಗಿಸಿದಾಗ ಹಿಂದೆ ಎದ್ದು ಕಾಣುವ ಎಲುಬಿನಿಂದ, ಎರಡೂ ಕೈ ಸೊಂಟದೆಲುಬಿನ ಮೇಲಿಟ್ಟಾಗ ಹೆಬ್ಬೆರಳುಗಳು ಕೂಡುವ ಗೆರೆಯವರೆಗೆ. 43 ಸೆಂಟಿಮೀಟರ್. ನನ್ನ ಎತ್ತರದವರೆಲ್ಲರ ಬೆನ್ನೂ ಅಷ್ಟೇ ಇರುವುದಿಲ್ಲ, ಕಾಲು ಉದ್ದ ಇದ್ದವನ ಬೆನ್ನು ಗಿಡ್ಡ ಇರಬಹುದು. ಬೆಂಗಳೂರಿನಲ್ಲಿ ಕೊಂಡ ಆ 65 ಲೀಟರಿನದ್ದನ್ನು ಅಳೆದರೆ 50ರ ಮೇಲಿತ್ತು. ಸೊಂಟಪಟ್ಟಿ ಯಾಕೆ ಕೆಳಗೆ ಬಡಿಯುತ್ತಿತ್ತು ಎಂಬುದು ಮೂರು ವರ್ಷ ಕಳೆದ ಮೇಲೆ, ಅಡುಗೆಮನೆಯಲ್ಲಿ ನಿಂತಾಗ ತಿಳಿಯಿತು.

ಈಗ ನನ್ನ ಕ್ರಮ ತಿರುಗುಮುರುಗಾಗಿದೆ. ಮೊದಲು ಹಾದಿ: ಎಲ್ಲಿ ಊಟ, ಎಲ್ಲಿ ನೀರು, ಯಾವ ತುಣುಕಿನಲ್ಲಿ ಎರಡೂ ವಿರಳ. ಶ್ರೀಶೈಲಕ್ಕೆ ಆ ತುಣುಕು ವೆಂಕಟಾಪುರದಿಂದ ಕೈಲಾಸಬಾಗಿಲವರೆಗೆ. ಚೀಲ ಅದಕ್ಕೆ ತಕ್ಕಂತಿರಬೇಕು, ಉಳಿದ ರಸ್ತೆ ತಾನೇ ಸುಧಾರಿಸುತ್ತದೆ. ಆಮೇಲೆ ಸಾಮಾನು ಎಲ್ಲವನ್ನೂ ನೆಲದ ಮೇಲೆ ಹರವಿ ತೂಗುವುದು. ಒಂದು ಪಂಚೆ, ಒಂದು ಅಂಗಿ, ವಲ್ಲಿ, ತೆಳು ಹೊದಿಕೆ, ಫೋಮಿನ ಚಾಪೆ, ಔಷಧ, ಟಾರ್ಚು, ಪವರ್ ಬ್ಯಾಂಕು. ಅದೆಲ್ಲ ಎಷ್ಟು ಜಾಗ ಹಿಡಿಯುತ್ತದೆ ನೋಡಿ, ನೀರು ಬುತ್ತಿಗೆ ಇನ್ನಷ್ಟು ಸೇರಿಸಿದರೆ ಲೀಟರ್ ಗೊತ್ತಾಗುತ್ತದೆ. ನನಗೆ 40 ಸಾಕು. ಕೊನೆಗೆ ಚೀಲ. ಅಂಗಡಿಗೆ ಹೋಗುವಾಗ ಬರಿಗೈಲಿ ಹೋಗುವುದಿಲ್ಲ, ಇದೇ ಸಾಮಾನು ಒಯ್ದು ತುಂಬಿಸಿ, ನಾಲ್ಕು ಬಾಟಲಿ ನೀರು ಹಾಕಿ, ಅರ್ಧ ತಾಸು ಅಲ್ಲೇ ಓಡಾಡುತ್ತೇನೆ. ಅಂಗಡಿಯವರು ಬೇಸರಿಸುವುದಿಲ್ಲ, ಬೇಸರಿಸಿದರೆ ಬೇರೆ ಅಂಗಡಿ. ಈಗಿನದ್ದು 950 ಗ್ರಾಂ. ಚೌಕಟ್ಟಿನ ಬದಲು ಮಲಗುವ ಫೋಮಿನ ಚಾಪೆಯನ್ನೇ ಮಡಚಿ ಬೆನ್ನ ಕಡೆ ಒಳಗಿಡುತ್ತೇನೆ, ಒಂದು ವಸ್ತು ಎರಡು ಕೆಲಸ. ಸೊಂಟಪಟ್ಟಿ ತೆಳುವಾಗಿತ್ತು. ದೇವದುರ್ಗದಲ್ಲಿ ಬೈಕಿನ ಸೀಟು ಹೊಲಿಯುವವರ ಹತ್ತಿರ ಸ್ಪಂಜು ಕೂಡಿಸಿದೆ, 60 ಗ್ರಾಂ ಹೆಚ್ಚಾಯಿತು. ಕಾಡಿಗಿಳಿಯುವಾಗ ನೀರು ಬುತ್ತಿ ಸೇರಿ ಒಂಬತ್ತೂವರೆ ಕಿಲೋ. ಬಟ್ಟೆಯ ಹೆಸರು, ಡೆನಿಯರ್ ಎಂದು ಜಾಲಾಡುವವರು ಜಾಲಾಡಲಿ. ನೈಲಾನ್ ಸಾಕು, ಡೈನೀಮಾದಂಥ ದುಬಾರಿ ಬಟ್ಟೆಯಿಂದ ಉಳಿಯುವ ತೂಕವನ್ನು ಒಂದು ಜೀನ್ಸ್ ಮನೆಯಲ್ಲಿ ಬಿಟ್ಟು ಉಳಿಸಬಹುದು.

ಅಳಿಯ ಈಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ಈ ಯುಗಾದಿಗೆ ಬರುತ್ತೇನೆ ಎಂದು ತಾನೇ ಫೋನು ಮಾಡಿದ. ಬಂದವನು ಸಾಮಾನು ತಂದು ಅಂಗಡಿಯಲ್ಲಿ ಹರವಿದ. ನಾನು ಒಂದೊಂದನ್ನೇ ಕಾಟಾಕ್ಕೆ ಹಾಕಿ ರಸೀದಿಯ ಬೆನ್ನಿಗೆ ಬರೆಯುತ್ತ ಹೋದೆ, ಅದು ಬೇಡ, ಇದು ಬೇಡ ಎನ್ನುತ್ತ. ಕೊನೆಗೆ ಅವನು ಪಾದಕ್ಕೆ ಬಿಗಿಯುವ ಕರಿ ಪಟ್ಟಿಯೊಂದನ್ನು ಇಟ್ಟ. ದೊಡ್ಡ ಕಾಟಾದಲ್ಲಿ ಅದರ ತೂಕ ಏಳಲೇ ಇಲ್ಲ. ಬೀಜ ತೂಗುವ ಸಣ್ಣ ತಕ್ಕಡಿಗೆ ಹಾಕಿದೆ: 110 ಗ್ರಾಂ.

"ಅದನ್ನ ನಿಮ್ಮ ಲೆಕ್ಕಕ್ಕ ಬರ್ಕೋರಿ ಮಾವಾ" ಎಂದ. ಬರೆದುಕೊಂಡೆ.